ಗುಮಟಾಪುರದ ಹಾದಿ: ಚಾಡಿಯೂ ದೂರೂ ಒಂದಲ್ಲ

ಚಾಮರಾಜನಗರದಿಂದ ತೆಂಕಣ ದಿಕ್ಕಿಗೆ ಇಪ್ಪತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿ ತಾಳವಾಡಿ ಸೀಮೆ ದೊರೆಯುತ್ತದೆ. ರಾಗಿ, ಮುಸುಕಿನ ಜೋಳ, ಎಲೆಕೋಸು, ಟೊಮೇಟೊ, ಕಬ್ಬು ಬೆಳೆಯುವ ಕೆಂಪು ನೆಲ. ಸುತ್ತಲೂ ಕಾಡು ಹೊದ್ದ ಬೆಟ್ಟಗಳು. ಹಟ್ಟಿಯ ಬಾಗಿಲಲ್ಲಿ ಕೇಳಿಬರುವ ಮಾತು ಅಚ್ಚ ಚಾಮರಾಜನಗರದ ಕನ್ನಡ. ಹೊಸದಾಗಿ ಬಂದವನಿಗೆ ತಾನು ಒಂದು ರಾಜ್ಯವನ್ನು ದಾಟಿ ಇನ್ನೊಂದು ರಾಜ್ಯಕ್ಕೆ ಕಾಲಿಟ್ಟಿದ್ದೇನೆಂಬುದು ಹೊಲಗದ್ದೆಗಳಿಂದ ತಿಳಿಯುವುದಿಲ್ಲ. ಅಂಗಡಿಯ ಹಲಗೆ, ಮೈಲಿಗಲ್ಲು ಮತ್ತು ಎದುರಿಗೆ ಬರುವ ಬಸ್ಸಿನ ಹಣೆಯ ಮೇಲಣ ಅಕ್ಷರಗಳು ಮಾತ್ರ ಅದನ್ನು ತಿಳಿಸುತ್ತವೆ. ಈ ಸೀಮೆಯ ಒಂದು ಊರು ಗುಮಟಾಪುರ. ಸಣ್ಣ ಊರೇ ಆದರೂ ಅಲ್ಲಿಯ ಬೀರೇಶ್ವರನ ಸನ್ನಿಧಿಯಲ್ಲಿ ನಡೆಯುವ ಗೊರೆಹಬ್ಬದಿಂದ ಅದರ ಹೆಸರು ದೂರ ದೂರಕ್ಕೆ ಹರಡಿದೆ.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ, ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. ಅದರ ನೆರೆಯ ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಕೊಯಮತ್ತೂರು ಜಿಲ್ಲೆಯಿಂದ 1979ರಲ್ಲಿ ಈರೋಡು ಪ್ರತ್ಯೇಕವಾದಾಗ ತಾಳವಾಡಿಯೂ ಅದರ ಪಾಲಿಗೆ ಹೋಯಿತು. ಬಹುಕಾಲ ಇಲ್ಲಿಯವರಿಗೆ ತಾಲ್ಲೂಕು ಕೇಂದ್ರವೆಂದರೆ ಸತ್ಯಮಂಗಲ. ತಾಳವಾಡಿಯೇ ಒಂದು ತಾಲ್ಲೂಕಾದುದು 2016ರಲ್ಲಿ. ವರನಟ ಡಾ. ರಾಜ್‌ಕುಮಾರರ ಹುಟ್ಟೂರು ಗಾಜನೂರು ಇದೇ ಸೀಮೆಯಲ್ಲಿದೆ ಎಂದರೆ ಈ ನಾಡಿನ ನುಡಿಯ ವಿಚಾರವಾಗಿ ಬೇರೆ ಸಾಕ್ಷ್ಯ ಬೇಡ.

ಹೀಗೆ ಗುಮಟಾಪುರದವರ ಬಾಳಿಗೆ ಎರಡು ಬಾಗಿಲುಗಳು. ಸಂತೆ, ಆಸ್ಪತ್ರೆ, ಬೀಗರ ಮನೆ, ಕೂಸಿನ ನಾಮಕರಣ, ಇವುಗಳಿಗೆ ಬಹುಮಟ್ಟಿಗೆ ಬಡಗಣ ಬಾಗಿಲು: ಚಾಮರಾಜನಗರ, ಮೈಸೂರು. ಪಟ್ಟಾ, ಚಿಟ್ಟಾ, ಜಾತಿ ಪ್ರಮಾಣಪತ್ರ, ಜಿಲ್ಲಾ ಕಚೇರಿ, ನ್ಯಾಯಾಲಯ, ಇವುಗಳಿಗೆ ತೆಂಕಣ ಬಾಗಿಲು: ಹಾಸನೂರು, ದಿಂಬಂ, ಬಣ್ಣಾರಿಗಳ ಮೂಲಕ ಸತ್ಯಮಂಗಲ ಮತ್ತು ಅಲ್ಲಿಂದಾಚೆಗೆ ಈರೋಡು. ದಿಂಬಂನಿಂದ ಬಣ್ಣಾರಿಗೆ ಇಳಿಯುವ ಘಟ್ಟದಲ್ಲಿ ಇಪ್ಪತ್ತೇಳು ಕಡಿದಾದ ತಿರುವುಗಳಿವೆ. ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ಕಟ್ಟುಪಾಡು ಬಂದಿತು. ಆನೆ ಅಡ್ಡ ನಿಂತರೆ ಬಸ್ಸು ನಿಲ್ಲಬೇಕು. ಕಬ್ಬಿನ ಲಾರಿ ಕಂಡರೆ ಆನೆ ತಾನಾಗಿಯೇ ಬಂದು ನಿಲ್ಲುತ್ತದೆ. ಇಂಥ ಹಾದಿಯಲ್ಲಿ ಬಸ್ಸೆಂಬುದು ಒಂದು ಅನುಕೂಲ ಮಾತ್ರವಲ್ಲ, ಅದೇ ಜೀವನಾಡಿ. ಸ್ವಂತ ವಾಹನವಿಲ್ಲದ ಮುದುಕರು, ಬಸುರಿಯರು, ಶಾಲೆಯ ಮಕ್ಕಳು ಇವರಿಗೆಲ್ಲ ಸರ್ಕಾರವೆಂದರೆ ದಿನವೂ ಕಣ್ಣಿಗೆ ಬೀಳುವ ಆ ಬಸ್ಸು. ಸರ್ಕಾರದ ಮುಖವೆಂದರೆ ಅದರ ಕಂಡಕ್ಟರು.

ಆ ಮುಖ ಗಂಟಿಕ್ಕಿಕೊಂಡಿದ್ದರೆ ಏನು ಮಾಡಬೇಕು? ಈ ಲೇಖನದ ವಿಷಯ ಅದು.

ಮಾತಿನ ಪೆಟ್ಟು

ಬಸ್ಸಿನಲ್ಲಿ ಆಗುವ ನೋವು ದೊಡ್ಡದಲ್ಲವೆಂದು ಕೆಲವರು ಹೇಳಬಹುದು. ಚಿಲ್ಲರೆಯನ್ನು ಟಿಕೆಟ್ಟಿನ ಬೆನ್ನ ಮೇಲೆ ಬರೆದುಕೊಟ್ಟು ಇಳಿಯುವಾಗ ಮರೆಯುವುದು, ಕೈಯೊಡ್ಡಿದರೂ ನಿಲ್ಲಿಸದೆ ಹೋಗುವುದು, ಮುದುಕಿ ಮೆಟ್ಟಿಲಿಳಿಯುವ ಮೊದಲೇ ಸೀಟಿ ಊದುವುದು, ಗಂಟುಮೂಟೆಯವರನ್ನು ಏಕವಚನದಲ್ಲಿ ಗದರುವುದು. ಒಂದೊಂದಾಗಿ ನೋಡಿದರೆ ಇವು ಅಲ್ಪವೇ. ಆದರೆ ನಿತ್ಯವೂ ಅದೇ ಹಾದಿಯಲ್ಲಿ ಅದೇ ಬಸ್ಸನ್ನು ಹತ್ತಬೇಕಾದವನಿಗೆ ಅಲ್ಪವು ಅಲ್ಪವಾಗಿ ಉಳಿಯುವುದಿಲ್ಲ. ಗಡಿನಾಡಿನಲ್ಲಿಯಂತೂ ಪ್ರತಿಯೊಂದು ಒರಟು ಮಾತಿಗೂ ಭಾಷೆಯ ಬಣ್ಣ ಬಳಿದುಕೊಳ್ಳುತ್ತದೆ.

ಈ ಕಡೆಯ ಒಂದು ಬಸ್ಸಿನಲ್ಲಿ ಕಂಡ ಪ್ರಸಂಗವೊಂದನ್ನು ಇಲ್ಲಿ ಹೇಳಬಹುದು. ಬಸ್ಸು ಯಾವ ರಾಜ್ಯದ್ದೆಂಬುದು ಇಲ್ಲಿ ಮುಖ್ಯವಲ್ಲ. ಕೈಚೀಲದಲ್ಲಿ ತರಕಾರಿ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು ತಾನಿಳಿಯುವ ಊರು ಬಂದಿತೇ ಎಂದು ಕಂಡಕ್ಟರನನ್ನು ಎರಡು ಸಲ ಕೇಳಿದಳು. ಜನಸಂದಣಿಯಲ್ಲಿ ಟಿಕೆಟ್ಟು ಹರಿಯುತ್ತಿದ್ದ ಆತ ಉತ್ತರಿಸಲಿಲ್ಲ. ಮೂರನೆಯ ಸಲ ಕೇಳಿದಾಗ, "ಬೋರ್ಡು ನೋಡೋದಕ್ಕೆ ಕಣ್ಣಿಲ್ವಾ? ಓದೋಕೆ ಬರಲ್ವಾ?" ಎಂದು ರೇಗಿದ.

"ಓದಕ ಬಂದಿದ್ರ ನಿನ್ನ ಯಾಕ ಕೇಳ್ತಿದ್ದೆ ಮಗ?" ಎಂದಳು ಮುದುಕಿ.

ಬಸ್ಸೆಲ್ಲ ನಕ್ಕಿತು. ಕಂಡಕ್ಟರನಿಗೆ ಅವಮಾನವಾಯಿತು, ಮಾತು ಬೆಳೆಯಿತು. ಮುಂದಿನ ಆಸನದ ಒಬ್ಬ ಯುವಕ "ನಮ್ಮ ಜನ ಅಂದ್ರೆ ನಿಮಗೆ ಅಷ್ಟು ಸದರವಾ?" ಎಂದು ಎದ್ದ, ಹಿಂದಿನ ಆಸನದವನೊಬ್ಬ "ಎಲ್ಲದಕ್ಕೂ ಭಾಷೆ ತರಬೇಡಿ" ಎಂದು ಅವನ ಮೇಲೆ ಬಿದ್ದ. ಕಾವೇರಿಯ ನೀರಿನಿಂದ ಹಿಡಿದು ಸಿನಿಮಾದವರೆಗೆ ಎಲ್ಲವೂ ಆ ಜಗಳದಲ್ಲಿ ಬಂದು ಹೋದವು. ಬಸ್ಸು ನಿಲ್ದಾಣ ಸೇರಿತು. ಕೂಗಾಡಿದವರು ಚಹದ ಅಂಗಡಿಯ ಮುಂದೆ ತಣ್ಣಗಾದರು. ಈ ನಡುವೆ ಮುದುಕಿಯ ಊರು ಹಿಂದೆ ಹೋಗಿ ಬಹಳ ಹೊತ್ತಾಗಿತ್ತು. ಆಕೆ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿ ನಡೆದಳು.

ಇಲ್ಲಿ ಗಮನಿಸಬೇಕಾದುದು ಒಂದೇ. ಮುದುಕಿಯ ಅಹವಾಲು ಭಾಷೆಯದಾಗಿರಲಿಲ್ಲ. ಇಳಿಯುವ ಸ್ಥಳವನ್ನು ತಿಳಿಸುವುದು ಕಂಡಕ್ಟರನ ಕರ್ತವ್ಯ. ಅದನ್ನು ಮಾಡದೆ ಗದರಿದ್ದು ತಪ್ಪು. ಅಷ್ಟೇ ಆಕೆಯ ದೂರು. ಅದನ್ನು ಭಾಷೆಯ ಜಗಳವು ನುಂಗಿ ಹಾಕಿತು. ನಲವತ್ತು ಮಂದಿ ಪ್ರಯಾಣಿಕರಲ್ಲಿ ಒಬ್ಬನೂ ಬಸ್ಸಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಲಿಲ್ಲ. ಮರುದಿನ ಅದೇ ಬಸ್ಸು, ಅದೇ ಕಂಡಕ್ಟರು, ಇನ್ನೊಬ್ಬ ಮುದುಕಿ!

ಚಾಡಿಕೋರನ ಹಬ್ಬ

ನಮ್ಮ ಜನ ಏಕೆ ದೂರು ಕೊಡುವುದಿಲ್ಲ? "ನಾಳೆಯೂ ಅದೇ ಬಸ್ಸಿಗೆ ಹೋಗಬೇಕಲ್ಲ", "ಬಡವನ ಹೊಟ್ಟೆಯ ಮೇಲೆ ಹೊಡೆಯುವುದೇಕೆ", "ಬರೆದರೆ ಯಾರು ಓದುತ್ತಾರೆ", ಈ ಮೂರು ಉತ್ತರಗಳು ಎಲ್ಲ ಕಡೆಯೂ ಸಿಗುತ್ತವೆ. ಇವುಗಳ ಕೆಳಗೆ ಇನ್ನೊಂದು ಭಾವನೆ ಅಡಗಿದೆ. ದೂರು ಹೇಳುವುದು ಚಾಡಿ ಹೇಳಿದಂತೆ, ಅದು ಮರ್ಯಾದಸ್ಥರ ಕೆಲಸವಲ್ಲ ಎಂಬುದೇ ಆ ಭಾವನೆ. ಚಾಡಿಯ ವಿಷಯದಲ್ಲಿ ಗುಮಟಾಪುರದವರಿಗಿಂತ ಬಲ್ಲವರು ಯಾರಿದ್ದಾರೆ?

ದೀಪಾವಳಿಯ ಬಲಿಪಾಡ್ಯಮಿ ಕಳೆದ ಮೇಲೆ ಅಲ್ಲಿ ಗೊರೆಹಬ್ಬ. ಊರಿನ ಕೊಟ್ಟಿಗೆಗಳಿಂದ ಸಗಣಿಯನ್ನು ತಂದು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕುತ್ತಾರೆ. ದೇವರು ತಿಪ್ಪೆಯಲ್ಲಿ ಕಾಣಿಸಿಕೊಂಡನೆಂಬುದು ಊರಿನ ಐತಿಹ್ಯ. ಆದುದರಿಂದ ಇಲ್ಲಿ ಸಗಣಿ ಹೊಲಸಲ್ಲ, ಪ್ರಸಾದ. ಪೂಜೆಯಾದ ಮೇಲೆ ಗಂಡಸರು, ಹುಡುಗರು ಬರಿಮೈಯಲ್ಲಿ ರಾಶಿಗಿಳಿದು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಜಾತಿಯ ಭೇದವಿಲ್ಲದೆ ಊರೇ ಸೇರುತ್ತದೆ. ಗಡಿಯಾಚೆಯ ಊರುಗಳಿಂದಲೂ ನೆಂಟರು ಬರುತ್ತಾರೆ. ಹಬ್ಬ ಮುಗಿದ ಮೇಲೆ ಆ ಸಗಣಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ.

ಈ ಹಬ್ಬದಲ್ಲಿ ಚಾಡಿಕೋರನೆಂಬ ಒಂದು ಪಾತ್ರವಿದೆ. ಹುಲ್ಲಿನ ಗಡ್ಡಮೀಸೆ ಕಟ್ಟಿ, ಕತ್ತೆಯ ಮೇಲೆ ಕೂರಿಸಿ, ಅವನನ್ನು ಮೆರವಣಿಗೆ ಮಾಡುತ್ತಾರೆ. ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಕಡೆಗೆ ಚಾಡಿಕೋರನ ಪ್ರತಿಕೃತಿಯನ್ನು ಸುಡುತ್ತಾರೆ. ವರ್ಷಕ್ಕೊಮ್ಮೆ ಊರು ತನ್ನೊಳಗಿನ ಚಾಡಿಯನ್ನು ಹೀಗೆ ಹೊರಹಾಕಿ ಸುಟ್ಟು ಹಗುರಾಗುತ್ತದೆ. ಒಬ್ಬರ ಮೇಲೊಬ್ಬರು ಎಸೆದುಕೊಂಡ ಸಗಣಿಗೆ ಮರುದಿನ ಹಗೆಯಿಲ್ಲ. ಏಕೆಂದರೆ ಎಸೆದವನ ಮುಖ ಎಸೆಸಿಕೊಂಡವನಿಗೆ ಕಂಡಿತ್ತು. ಬೆನ್ನ ಹಿಂದಿನ ಮಾತಿಗೆ ಮಾತ್ರ ಆ ಊರಿನಲ್ಲಿ ಕ್ಷಮೆಯಿಲ್ಲ.

ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠ ಬೇರೊಂದು ಇರಲಾರದು. ಚಾಡಿಗೆ ಹೆಸರಿಲ್ಲ, ದೂರಿಗೆ ಸಹಿಯಿದೆ. ಚಾಡಿ ಕಿವಿಯಲ್ಲಿ ಹೇಳುವುದು, ದೂರು ಕಾಗದದ ಮೇಲೆ ಬರೆಯುವುದು. ಚಾಡಿಗೆ ಎದುರುತ್ತರ ಕೊಡಲು ಆರೋಪಿತನಿಗೆ ಅವಕಾಶವಿಲ್ಲ, ದೂರಿಗೆ ಇದೆ. ಚಾಡಿ ಮನುಷ್ಯನನ್ನು ಕೆಡಿಸಲು ನೋಡುತ್ತದೆ, ದೂರು ನಡತೆಯನ್ನು ತಿದ್ದಲು ನೋಡುತ್ತದೆ. ನಮ್ಮ ನುಡಿಯಲ್ಲಿ ದೂರು, ಮೊರೆ, ಅಹವಾಲು, ಬಿನ್ನಹ, ಫಿರ್ಯಾದು ಎಂದು ಇಷ್ಟೊಂದು ಪದಗಳಿರುವಾಗ ನೊಂದವನ ಮಾತನ್ನೆಲ್ಲ ಚಾಡಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ದೂರಿನ ದಾರಿ

ಗಡಿಯ ಹಾದಿಯಲ್ಲಿ ಸಂಚರಿಸುವವನು ಎರಡು ರಾಜ್ಯಗಳ ಬಸ್ಸುಗಳನ್ನೂ ಹತ್ತುತ್ತಾನೆ. ಎರಡರ ಹಿನ್ನೆಲೆಯನ್ನೂ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು; 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ತಮಿಳುನಾಡಿನಲ್ಲಿ 1972ರಿಂದ ಮೊದಲಾಗಿ ಪ್ರದೇಶಕ್ಕೊಂದರಂತೆ ನಿಗಮಗಳಾದವು. ಕೊಯಮತ್ತೂರಿನ ಚೇರನ್, ಈರೋಡಿನ ಜೀವಾ ಎಂಬ ಹೆಸರುಗಳನ್ನು ತಾಳವಾಡಿಯ ಹಿರಿಯರು ಇನ್ನೂ ಮರೆತಿಲ್ಲ. 1997ರಲ್ಲಿ ಆ ಹೆಸರುಗಳನ್ನೆಲ್ಲ ಕೈಬಿಟ್ಟು ತಮಿಳುನಾಡು ರಾಜ್ಯ ಸಾರಿಗೆ ನಿಗಮವೆಂದು ಕರೆದರು. ಬಸ್ಸು ಕರ್ನಾಟಕದ್ದಾದರೆ ದೂರು ಘಟಕ ವ್ಯವಸ್ಥಾಪಕರಿಗೆ, ಅವರ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ. ತಮಿಳುನಾಡಿನದ್ದಾದರೆ ಆಯಾ ಡಿಪೋವಿನ ಶಾಖಾ ವ್ಯವಸ್ಥಾಪಕರಿಗೆ, ಅವರ ಮೇಲೆ ವಲಯದ ಮುಖ್ಯ ವ್ಯವಸ್ಥಾಪಕರಿಗೆ. ಪ್ರಯಾಣಿಕನು ಯಾವ ರಾಜ್ಯದ ನಿವಾಸಿ ಎಂಬುದು ದೂರಿಗೆ ಅಡ್ಡಿಯಲ್ಲ; ಆತ ಆ ಬಸ್ಸಿನ ಪ್ರಯಾಣಿಕನಾಗಿದ್ದರೆ ಸಾಕು.

"ನಮಗೆ ತಮಿಳು ಬರೆಯಲು ಬಾರದು, ಹೇಗೆ ದೂರು ಕೊಡುವುದು?" ಎಂದು ಕೇಳುವ ಹಿರಿಯರು ಈ ಸೀಮೆಯಲ್ಲಿ ಬಹಳ. ಅವರು ಭಾರತ ಸಂವಿಧಾನದ 350ನೆಯ ಅನುಚ್ಛೇದವನ್ನು ತಿಳಿದಿರಬೇಕು. ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ಅದು ಸಾರುತ್ತದೆ. ಗುಮಟಾಪುರದಲ್ಲಿ ಬಳಕೆಯಲ್ಲಿರುವ ಭಾಷೆ ಕನ್ನಡ. ಗುಮಟಾಪುರ ಇರುವುದು ತಮಿಳುನಾಡಿನಲ್ಲಿ. ಆದುದರಿಂದ ಅಲ್ಲಿಯ ಅಜ್ಜಿಯೊಬ್ಬಳು ಕನ್ನಡದಲ್ಲಿ ಬರೆಸಿ ಹೆಬ್ಬೆಟ್ಟೊತ್ತಿದ ಅರ್ಜಿ ಈರೋಡಿನ ಕಚೇರಿಯಲ್ಲಿಯೂ ಅರ್ಜಿಯೇ. ಭಾಷಾ ಅಲ್ಪಸಂಖ್ಯಾತರ ಹಿತರಕ್ಷಣೆಗಾಗಿ ಒಬ್ಬ ವಿಶೇಷಾಧಿಕಾರಿ ಇರಬೇಕೆಂದು 1956ರ ತಿದ್ದುಪಡಿಯಲ್ಲಿ 350-ಬಿ ಅನುಚ್ಛೇದವೂ ಸೇರಿತು.

ಹಕ್ಕು ಇದ್ದ ಮಾತ್ರಕ್ಕೆ ಓದುವವನಿಗೆ ಕನ್ನಡ ಬರುತ್ತದೆಂದು ಅರ್ಥವಲ್ಲ. ಇಲ್ಲಿ ನಮ್ಮ ಮಕ್ಕಳ ನೆರವು ಒದಗುತ್ತದೆ. 2006ರ ತಮಿಳು ಕಲಿಕೆಯ ಕಾಯಿದೆಯಿಂದ ಈಚೆಗೆ ಶಾಲೆಯಲ್ಲಿ ತಮಿಳು ಕಲಿತ ತಲೆಮಾರು ಬೆಳೆದಿದೆ. ಅಜ್ಜಿಯ ಕನ್ನಡದ ಅರ್ಜಿಯ ಕೆಳಗೆ ಮೊಮ್ಮಗಳು ನಾಲ್ಕು ಸಾಲು ತಮಿಳಿನಲ್ಲಿ ಸಾರಾಂಶ ಬರೆದರೆ ಹಕ್ಕೂ ಉಳಿಯಿತು, ಕೆಲಸವೂ ಆಯಿತು. ಎರಡು ಭಾಷೆ ಬಲ್ಲ ಮಗುವಿದ್ದ ಮನೆ ಗಡಿನಾಡಿನಲ್ಲಿ ಎರಡು ದೀಪವಿದ್ದ ಮನೆಯಂತೆ.

ಅರ್ಜಿಯಲ್ಲಿ ಏನಿರಬೇಕು? ಬಸ್ಸಿನ ನೋಂದಣಿ ಸಂಖ್ಯೆ, ಮಾರ್ಗ, ದಿನಾಂಕ, ವೇಳೆ, ಹತ್ತಿದ ಸ್ಥಳ, ಇಳಿದ ಸ್ಥಳ. ಟಿಕೆಟ್ಟನ್ನು ಇಳಿದ ಕೂಡಲೇ ಎಸೆಯಬಾರದು. ಅದೇ ಮೊದಲನೆಯ ಸಾಕ್ಷಿ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. "ದುರಹಂಕಾರದಿಂದ ವರ್ತಿಸಿದರು" ಎಂಬ ವಾಕ್ಯದಿಂದ ಅಧಿಕಾರಿಗೆ ಏನೂ ತಿಳಿಯದು. "ನಿಲ್ದಾಣ ಬಂದಿತೇ ಎಂದು ಮೂರು ಸಲ ಕೇಳಿದರೂ ಹೇಳಲಿಲ್ಲ, ಊರು ದಾಟಿಸಿ ಇಳಿಸಿದರು" ಎಂದರೆ ಎಲ್ಲವೂ ತಿಳಿಯುತ್ತದೆ. ತಮ್ಮ ಕಡೆಯಿಂದ ಆಡಿದ ಮಾತನ್ನೂ ಮರೆಮಾಚಕೂಡದು. ಪಕ್ಕದಲ್ಲಿದ್ದ ಒಬ್ಬಿಬ್ಬರು ಸಹಿ ಹಾಕಿದರೆ ಅರ್ಜಿಗೆ ಬಲ ಬರುತ್ತದೆ. ಅರ್ಜಿಯ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಸ್ವೀಕೃತಿ ಪಡೆಯಬೇಕು, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು.

ಅರ್ಜಿ ತಲುಪಿದ ಮೇಲೆ ನಡೆಯುವುದನ್ನೂ ತಿಳಿದಿರುವುದು ಮೇಲು. ಆ ದಿನ ಆ ಬಸ್ಸಿನಲ್ಲಿ ಕರ್ತವ್ಯದ ಮೇಲಿದ್ದವರು ಯಾರೆಂದು ಡಿಪೋವಿನ ದಾಖಲೆಯಿಂದ ಗುರುತಿಸುತ್ತಾರೆ. ನೌಕರನಿಂದ ಲಿಖಿತ ಸಮಜಾಯಿಷಿ ಕೇಳುತ್ತಾರೆ. ತಪ್ಪು ಸಣ್ಣದಾಗಿದ್ದರೆ ಎಚ್ಚರಿಕೆ. ದೊಡ್ಡದಾಗಿದ್ದರೆ ಆರೋಪ ಪಟ್ಟಿ, ವಿಚಾರಣಾಧಿಕಾರಿ, ಸಾಕ್ಷ್ಯ, ಆಮೇಲೆ ಶಿಕ್ಷೆ. ಕರ್ನಾಟಕದ ನಿಗಮದಲ್ಲಿ ಇದಕ್ಕೆ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇದೆ. ಇದಲ್ಲದೆ 1988ರ ಮೋಟಾರು ವಾಹನಗಳ ಕಾಯಿದೆಯಂತೆ ಕಂಡಕ್ಟರನಿಗೆ ಪ್ರತ್ಯೇಕ ಪರವಾನಗಿ ಬೇಕು. ನಡತೆ ಸರಿಯಿಲ್ಲದಿದ್ದರೆ ಆತನ ಅಹವಾಲನ್ನು ಕೇಳಿ, ಒಂದು ವರ್ಷದವರೆಗೆ ಅನರ್ಹಗೊಳಿಸುವ ಅಧಿಕಾರ ಪರವಾನಗಿ ಕೊಡುವ ಪ್ರಾಧಿಕಾರಕ್ಕುಂಟು. ಖಾಸಗಿ ಬಸ್ಸಿನ ವಿಷಯದಲ್ಲಿ ಈ ದಾರಿ ಮುಖ್ಯವಾದುದು. ಸೇವೆಯ ಲೋಪದಿಂದ ನಷ್ಟವಾಗಿದ್ದರೆ ಗ್ರಾಹಕರ ಆಯೋಗವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ಫಿರ್ಯಾದು ಹೂಡಬಹುದು. ಗಡಿಯಾಚೆಯ ಬಸ್ಸಿನ ಮೇಲಣ ದೂರಿಗೆ ಗಡಿ ದಾಟಿ ಅಲೆಯಬೇಕಾಗಿಲ್ಲ.

ಬರೆದುಕೊಡಲು ಪ್ರಯಾಣಿಕರು ಹಿಂಜರಿಯುವುದು ಇಂದು ನಿನ್ನೆಯದಲ್ಲ. ಹರಿಯಾಣದ ಒಬ್ಬ ಕಂಡಕ್ಟರನ ಮೊಕದ್ದಮೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ತಪಾಸಣೆಯಲ್ಲಿ ಹನ್ನೊಂದು ಮಂದಿ ಟಿಕೆಟ್ಟಿಲ್ಲದೆ ಸಿಕ್ಕಿದ್ದರು. ಅವರಲ್ಲಿ ಯಾರೂ ಹೇಳಿಕೆಯನ್ನು ಬರೆದುಕೊಡಲು ಒಪ್ಪಿರಲಿಲ್ಲ. ಪ್ರಯಾಣಿಕರನ್ನು ವಿಚಾರಿಸಲಿಲ್ಲವೆಂಬ ಒಂದೇ ಕಾರಣದಿಂದ ಇಲಾಖಾ ವಿಚಾರಣೆ ಕೆಟ್ಟುಹೋಗದೆಂದು ನ್ಯಾಯಾಲಯ ಹೇಳಿತು. ಅಲ್ಲಿ ತಪಾಸಕರ ಸಾಕ್ಷ್ಯವಿತ್ತು. ಒರಟು ಮಾತಿಗೆ ತಪಾಸಕರು ಸಾಕ್ಷಿಯಾಗಿರುವುದು ಅಪರೂಪ. ಅಲ್ಲಿ ಕೇಳಿದ ಕಿವಿಗಳೇ ಸಾಕ್ಷಿ. ಆ ಕಿವಿಗಳ ಒಡೆಯರು ಮೌನವಾದರೆ ಅಧಿಕಾರಿ ಎಷ್ಟೇ ಒಳ್ಳೆಯವನಾದರೂ ಏನು ಮಾಡಬಲ್ಲ?

ಬೆಳಗಾವಿಯ ಪಾಠ

ದೂರು ತನ್ನ ದಾರಿಯನ್ನು ಬಿಟ್ಟು ಬೀದಿಗಿಳಿದರೆ ಏನಾಗುವುದೆಂಬುದನ್ನು ನಮ್ಮದೇ ಇನ್ನೊಂದು ಗಡಿಯಲ್ಲಿ 2025ರಲ್ಲಿ ಕಂಡೆವು. ಆ ವರ್ಷದ ಫೆಬ್ರವರಿ 21ರಂದು ಬೆಳಗಾವಿಯಿಂದ ಬಾಳೇಕುಂದ್ರಿಯ ಕಡೆಗೆ ಹೋಗುತ್ತಿದ್ದ ಬಸ್ಸಿನಲ್ಲಿ ಟಿಕೆಟ್ಟಿನ ವಿಷಯಕ್ಕೆ ಮಾತು ಬೆಳೆಯಿತು. ತನಗೆ ಮರಾಠಿ ಬಾರದು, ಕನ್ನಡದಲ್ಲಿ ಹೇಳಿ ಎಂದ ಕಂಡಕ್ಟರನನ್ನು ಗುಂಪು ಕಟ್ಟಿಕೊಂಡು ಹೊಡೆದರು. ಹೊಡೆಸಿಕೊಂಡವನ ಮೇಲೆಯೇ ಅನಂತರ ಘೋರವಾದ ಆರೋಪದ ಪ್ರತಿದೂರು ದಾಖಲಾಯಿತು. ಕೆಲವು ದಿನಗಳ ಮೇಲೆ ದೂರು ಕೊಟ್ಟ ಕುಟುಂಬದವರೇ ಅದನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಅಷ್ಟರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಮಹಾರಾಷ್ಟ್ರದ ಬಸ್ಸಿನ ಚಾಲಕನ ಮುಖಕ್ಕೆ ಮಸಿ ಬಳಿದರು. ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತವು. ಮಾರ್ಚ್ 22ರಂದು ಕರ್ನಾಟಕ ಬಂದ್ ನಡೆಯಿತು.

ಬೆಳಗಾವಿಯ ಕಂಡಕ್ಟರನೂ ಮಸಿ ಬಳಿಸಿಕೊಂಡ ಚಾಲಕನೂ ಒಂದೇ ಬಗೆಯ ಜನ: ತಿಂಗಳ ಸಂಬಳಕ್ಕೆ ದುಡಿಯುವವರು, ಮನೆಯಲ್ಲಿ ಹೆಂಡತಿ ಮಕ್ಕಳಿರುವವರು. ನಿಂತ ಬಸ್ಸುಗಳಿಂದ ತೊಂದರೆಯಾದುದೂ ಗಡಿಯ ಎರಡು ಬದಿಯ ಬಡವರಿಗೇ. ತಾಳವಾಡಿಯವರಿಗೆ ಇದು ಹೊಸದಲ್ಲ. 1991ರ ಕಾವೇರಿ ಗಲಭೆಯಲ್ಲಿ, 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರರ ಅಪಹರಣವಾದಾಗ, 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದಾಗ, ಎಲ್ಲ ಸಲವೂ ಮೊದಲು ನಿಂತದ್ದು ಗಡಿ ದಾಟುವ ಬಸ್ಸು. ಆದುದರಿಂದ ಒಬ್ಬ ಕಂಡಕ್ಟರನ ಒರಟುತನಕ್ಕೆ ಒಂದು ಭಾಷೆಯನ್ನು ಹೊಣೆ ಮಾಡುವುದು ನಾವು ಕುಳಿತ ಕೊಂಬೆಯನ್ನು ನಾವೇ ಕಡಿದುಕೊಂಡಂತೆ. ಸುಳ್ಳು ದೂರು ಅದಕ್ಕಿಂತಲೂ ಕೆಟ್ಟದ್ದು. ಅದು ಮುಂದೆ ಬರಲಿರುವ ನೂರು ನಿಜದೂರುಗಳ ಬಾಯಿ ಕಟ್ಟುತ್ತದೆ. ಗುಮಟಾಪುರದವರು ಕತ್ತೆಯ ಮೇಲೆ ಕೂರಿಸಬೇಕಾದುದು ಅದನ್ನೇ.

ಚೀಲ ಹೊತ್ತವನ ಕಡೆಯಿಂದ

ಕಂಡಕ್ಟರನ ಪಾಡನ್ನೂ ಎರಡು ಮಾತಿನಲ್ಲಿ ಹೇಳದಿದ್ದರೆ ನ್ಯಾಯವಾಗದು. ನಸುಕಿನಲ್ಲಿ ಎದ್ದು, ಇಪ್ಪತ್ತೇಳು ತಿರುವುಗಳಲ್ಲಿ ಕಂಬಿ ಹಿಡಿದು ನಿಂತು, ಕಾಸು ಎಣಿಸಿ, ಸಂಜೆ ಲೆಕ್ಕ ಒಪ್ಪಿಸಬೇಕು. ಲೆಕ್ಕದಲ್ಲಿ ಕಡಿಮೆಯಾದರೆ ಕೈಯಿಂದ ಕಟ್ಟಬೇಕು. ತಪಾಸಕರು ಹತ್ತಿದಾಗ ಒಬ್ಬ ಪ್ರಯಾಣಿಕ ಟಿಕೆಟ್ಟಿಲ್ಲದೆ ಸಿಕ್ಕಿದರೂ ಮೊದಲು ಉತ್ತರ ಹೇಳಬೇಕಾದವನು ಅವನೇ. ಹತ್ತು ರೂಪಾಯಿಯ ಟಿಕೆಟ್ಟಿಗೆ ಐನೂರರ ನೋಟು ಚಾಚುವವರು ಹತ್ತು ಮಂದಿಯಾದರೆ ಚಿಲ್ಲರೆಯನ್ನು ಎಲ್ಲಿಂದ ತರುವುದು? ಕೆಲಸದಲ್ಲಿರುವ ಹೆಣ್ಣುಮಕ್ಕಳಂತೂ ಇದರ ಮೇಲೆ ಕೀಳುನೋಟವನ್ನೂ ಸಹಿಸಬೇಕು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಇಕ್ಕಟ್ಟು ಸೇರಿದೆ. ತಮಿಳುನಾಡು 2021ರ ಮೇ ತಿಂಗಳಿನಿಂದ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿತು; ಕರ್ನಾಟಕ 2023ರ ಜೂನ್ 11ರಿಂದ ಶಕ್ತಿ ಯೋಜನೆಯನ್ನು ತಂದಿತು. ಶಕ್ತಿ ಇರುವುದು ಕರ್ನಾಟಕದ ನಿವಾಸಿಗಳಿಗೆ. ಹೀಗಾಗಿ ಚಾಮರಾಜನಗರದಲ್ಲಿ ಒಟ್ಟಿಗೆ ಬಸ್ಸು ಹತ್ತಿದ ಅಕ್ಕತಂಗಿಯರಲ್ಲಿ ಗಡಿಯೀಚೆಗೆ ಮದುವೆಯಾದವಳಿಗೆ ಒಂದು ಟಿಕೆಟ್ಟು, ಆಚೆಗೆ ಕೊಟ್ಟವಳಿಗೆ ಇನ್ನೊಂದು. "ಅವಳೂ ಕನ್ನಡದವಳೇ, ನಾನೂ ಕನ್ನಡದವಳೇ" ಎಂಬ ವಾದಕ್ಕೆ ಕಂಡಕ್ಟರನಲ್ಲಿ ಉತ್ತರವಿಲ್ಲ. ಆ ನಿಯಮವನ್ನು ಮಾಡಿದವನು ಅವನಲ್ಲ. ನಿಯಮದ ಮೇಲಣ ದೂರು ಸರ್ಕಾರಕ್ಕೆ, ನಡತೆಯ ಮೇಲಣ ದೂರು ಡಿಪೋವಿಗೆ, ಇವೆರಡನ್ನು ಬೆರೆಸಬಾರದು. ಹಾಗೆಯೇ ಉಚಿತವಾಗಿ ಬಂದವರೆಂದು ಹೆಂಗಸರನ್ನು ಹಗುರವಾಗಿ ಕಾಣುವುದೂ ಸಲ್ಲದು. 2022ರಲ್ಲಿ ತಮಿಳುನಾಡಿನ ಸಚಿವರೊಬ್ಬರು ಈ ಪ್ರಯಾಣವನ್ನು 'ಓಸಿ' ಎಂದಾಗ ಆ ರಾಜ್ಯದ ಹೆಂಗಸರೇ ಸಿಡಿದೆದ್ದರು. ಟಿಕೆಟ್ಟಿನ ಬೆಲೆ ಸೊನ್ನೆಯಾಗಬಹುದು, ಪ್ರಯಾಣಿಕಳ ಬೆಲೆ ಸೊನ್ನೆಯಾಗದು.

ಮರ್ಯಾದೆಯ ಮಾತು ಎಷ್ಟು ದೊಡ್ಡದೆಂಬುದಕ್ಕೆ ಕಡಲಾಚೆಯ ಒಂದು ನಿದರ್ಶನವಿದೆ. ಅಮೆರಿಕದ ಮಾಂಟ್ಗೊಮೆರಿ ನಗರದಲ್ಲಿ 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಿಳಿಯನಿಗೆ ಆಸನ ಬಿಡಲೊಪ್ಪದೆ ಬಂಧನಕ್ಕೊಳಗಾದರು. ಕರಿಯ ಜನರು ಒಂದು ವರ್ಷಕ್ಕೂ ಮಿಗಿಲಾಗಿ ನಗರದ ಬಸ್ಸುಗಳನ್ನು ಬಹಿಷ್ಕರಿಸಿ ನಡೆದೇ ಓಡಾಡಿದರು. ಅವರು ಆರಂಭದಲ್ಲಿ ಮುಂದಿಟ್ಟ ಬೇಡಿಕೆಗಳಲ್ಲಿ ಒಂದು ಬಹಳ ಸರಳವಾದುದು: ಬಸ್ಸಿನ ಚಾಲಕರು ತಮ್ಮೊಡನೆ ಸೌಜನ್ಯದಿಂದ ನಡೆದುಕೊಳ್ಳಬೇಕು. ಜಗತ್ತನ್ನೇ ಬದಲಿಸಿದ ಒಂದು ಚಳವಳಿ ಬಸ್ಸಿನೊಳಗಿನ ಸೌಜನ್ಯವನ್ನು ಕೇಳುತ್ತ ಹೊರಟಿತ್ತೆಂಬುದನ್ನು ನೆನೆದರೆ, ಮುದುಕಿಯ ದೂರು ಅಲ್ಪವೆನ್ನಲು ಯಾರಿಗೂ ಬಾಯಿ ಬಾರದು.

"ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ನಮ್ಮ ಹಿರಿಯರ ಗಾದೆ ಟಿಕೆಟ್ಟು ಕೊಡುವವನಿಗೂ ಕೊಳ್ಳುವವನಿಗೂ ಸಮನಾಗಿ ಅನ್ವಯಿಸುತ್ತದೆ. ಗಡಿನಾಡಿನ ಕುಟುಂಬಗಳು ಮಾಡಬೇಕಾದ ಕೆಲಸಗಳು ಹೆಚ್ಚೇನಿಲ್ಲ. ಬಸ್ಸಿನ ಸಂಖ್ಯೆಯನ್ನು ಗುರುತಿಟ್ಟುಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕು. ಓದುಬರಹ ಬಲ್ಲವರು ಊರಿಗೊಬ್ಬರಾದರೂ ನೆರೆಯವರ ಅರ್ಜಿ ಬರೆದುಕೊಡಲು ಮುಂದಾಗಬೇಕು. ಕನ್ನಡದಲ್ಲಿ ಬರೆಯಲು ಸಂಕೋಚಪಡಬಾರದು. ತಮಿಳಿನಲ್ಲಿ ಸಾರಾಂಶ ಸೇರಿಸಲು ಬಿಗುಮಾನಪಡಬಾರದು. ಇನ್ನೊಂದು ಕೆಲಸವನ್ನೂ ಮರೆಯಕೂಡದು. ಕತ್ತಲಾದ ಮೇಲೆ ಒಂಟಿ ಹುಡುಗಿಯನ್ನು ಮನೆಯ ಹತ್ತಿರದ ತಿರುವಿನಲ್ಲಿಯೇ ಇಳಿಸಿದ, ಮರೆತ ಚೀಲವನ್ನು ಮರುದಿನ ತಂದುಕೊಟ್ಟ, ಆನೆ ಸರಿಯುವ ತನಕ ಅಳುವ ಮಗುವನ್ನು ಮಾತನಾಡಿಸಿದ ಕಂಡಕ್ಟರುಗಳೂ ಈ ಹಾದಿಯಲ್ಲಿದ್ದಾರೆ. ಅವರ ವಿಷಯವಾಗಿಯೂ ಅದೇ ಡಿಪೋವಿಗೆ, ಅದೇ ಶ್ರದ್ಧೆಯಿಂದ, ಸಹಿ ಹಾಕಿ ಒಂದು ಕಾಗದ ಬರೆಯಬೇಕು. ಮೆಚ್ಚುಗೆಯ ಕಾಗದವೂ ಬರುವ ಊರಿನಿಂದ ದೂರಿನ ಕಾಗದ ಬಂದಾಗ ಅಧಿಕಾರಿ ಅದನ್ನು ಎರಡು ಸಲ ಓದುತ್ತಾನೆ.